40 ಸರಿಯೋ, 96 ಸರಿಯೋ? ಸಂಖ್ಯಾ ಒಗಟುಗಳ ಒಳಗುಟ್ಟು

ಆಷಾಢದ ಒಂದು ರಾತ್ರಿ. ಶಿವಮೊಗ್ಗದಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು, ಕರೆಂಟು ಹೋಗಿ ಎರಡು ಗಂಟೆ ಕಳೆದಿತ್ತು. ನಮ್ಮ ಹೈಸ್ಕೂಲು ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಸಾಗರದ ಗೆಳೆಯ ಈ ನಾಲ್ಕು ಸಾಲು ಕಳುಹಿಸಿದ:

1 + 4 = 5
2 + 5 = 12
3 + 6 = 21
8 + 11 = ?

ಕೆಳಗೆ "ಬುದ್ಧಿವಂತರಿಗೆ ಮಾತ್ರ" ಎಂಬ ಸವಾಲು. ಐದು ನಿಮಿಷದೊಳಗೆ ಭದ್ರಾವತಿಯ ಗೆಳತಿ 40 ಎಂದು ಬರೆದಳು. ತೀರ್ಥಹಳ್ಳಿಯವನು 96 ಎಂದ. ಇಬ್ಬರ ಬೆನ್ನಿಗೂ ನಾಲ್ಕು ನಾಲ್ಕು ಜನ ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಲೆಕ್ಕ ಬದಿಗೆ ಸರಿದು, ಹತ್ತನೇ ತರಗತಿಯಲ್ಲಿ ಯಾರಿಗೆ ಎಷ್ಟು ಅಂಕ ಬಂದಿತ್ತು ಎಂಬಲ್ಲಿಗೆ ಮಾತು ಮುಟ್ಟಿತ್ತು. ಒಬ್ಬನಂತೂ ಮುನಿಸಿಕೊಂಡು ಗುಂಪನ್ನೇ ಬಿಟ್ಟು ಹೋದ.

ಮರುದಿನ ಕಾಗದ ಪೆನ್ನು ಹಿಡಿದು ಕೂತೆ. ಎರಡೂ ಉತ್ತರ ಸರಿ ಇದ್ದವು. ಅದು ಹೇಗೆ ಎಂದು ಗೆಳೆಯರಿಗೆ ಬಿಡಿಸಿ ಹೇಳಲು ಹೋಗಿ ಈ ಲೇಖನ ಬೆಳೆಯಿತು. ಇದು ಬರಿಯ ಕಾಲಹರಣದ ವಿಷಯವೂ ಅಲ್ಲ. ಎಂಟನೇ ತರಗತಿಯ ಮಕ್ಕಳು ಬರೆಯುವ ರಾಷ್ಟ್ರೀಯ ವಿದ್ಯಾರ್ಥಿವೇತನ ಪರೀಕ್ಷೆಯಿಂದ ಹಿಡಿದು ಬ್ಯಾಂಕ್ ನೇಮಕಾತಿಯವರೆಗೆ ಮಾನಸಿಕ ಸಾಮರ್ಥ್ಯದ ಹೆಸರಿನಲ್ಲಿ ಕೇಳುವುದು ಇಂಥವನ್ನೇ. ಮಗುವೊಂದು ಪುಸ್ತಕ ತಂದು "ಮುಂದಿನ ಸಂಖ್ಯೆ ಯಾವುದು?" ಎಂದು ಮುಂದೆ ಹಿಡಿದಾಗ ತಬ್ಬಿಬ್ಬಾಗುವ ತಂದೆ ತಾಯಿ ನಮ್ಮ ಗುಂಪಿನಲ್ಲೇ ಹಲವರಿದ್ದಾರೆ.

ಸರಣಿ, ಪದ, ನಿಯಮ

ಒಂದರ ಹಿಂದೆ ಒಂದು ಕ್ರಮವಾಗಿ ಬರುವ ಸಂಖ್ಯೆಗಳ ಸಾಲಿಗೆ ಸರಣಿ ಎನ್ನುತ್ತೇವೆ. ಅದರೊಳಗಿನ ಒಂದೊಂದು ಸಂಖ್ಯೆಯೂ ಒಂದು ಪದ. ಯಾವ ಪದದ ಬಳಿಕ ಯಾವುದು ಬರಬೇಕು ಎಂದು ತಿಳಿಸುವುದು ನಿಯಮ. ಶಾಲೆಯಲ್ಲಿ ಕಲಿತ ಸಮಾಂತರ ಶ್ರೇಢಿ ನೆನಪಿರಬಹುದು: 5, 8, 11, 14. ಪ್ರತಿ ಸಲ 3 ಕೂಡಿಸಬೇಕು ಎಂಬುದು ಅಲ್ಲಿನ ನಿಯಮ. ಕೂಡಿಸುವ ಬದಲು ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋದರೆ ಗುಣೋತ್ತರ ಶ್ರೇಢಿ: 3, 6, 12, 24.

ಆದರೆ ಶಾಲೆಯ ಲೆಕ್ಕದಲ್ಲಿ ನಿಯಮವನ್ನು ಮೊದಲೇ ಕೊಟ್ಟು ಸಂಖ್ಯೆಯನ್ನು ಕೇಳುತ್ತಾರೆ. ಒಗಟಿನಲ್ಲಿ ಸಂಖ್ಯೆಗಳನ್ನು ಕೊಟ್ಟು ನಿಯಮವನ್ನು ಕೇಳುತ್ತಾರೆ. ದಾರಿ ತಿರುವುಮುರುವು. ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಹೆಜ್ಜೆ ಗುರುತು ನೋಡಿ, ರಾತ್ರಿ ಬಂದದ್ದು ಹಂದಿಯೋ ಕಾಡುಕೋಣವೋ ಎಂದು ಹೇಳುವುದಕ್ಕೆ ಇದು ಹತ್ತಿರ. ಪ್ರಾಣಿ ಕಣ್ಣಿಗೆ ಬಿದ್ದಿಲ್ಲ, ಬಿಟ್ಟು ಹೋದ ಗುರುತು ಮಾತ್ರ ಉಳಿದಿದೆ.

ನಿಯಮ ಯಾವಾಗಲೂ ಕೂಡುವ ಕಳೆಯುವ ನಿಯಮವೇ ಆಗಬೇಕಿಲ್ಲ. ಗುಂಪಿನಲ್ಲಿ ಒಮ್ಮೆ ಬಂದ ಒಗಟು ಇದು: ಆ, ಕುಂ, ಚೋ, ಆ, ಮುಂದೇನು? ನಮ್ಮ ಜಿಲ್ಲೆಯವರು ತಡಮಾಡದೆ "ಸಾ" ಎಂದರು. ಶಿವಮೊಗ್ಗದಿಂದ ಸಾಗರದ ಬಸ್ಸು ಹತ್ತಿದರೆ ಆಯನೂರು, ಕುಂಸಿ, ಚೋರಡಿ, ಆನಂದಪುರ ದಾಟಿ ಸಾಗರ ಸಿಗುತ್ತದೆ. ಮದುವೆಯಾಗಿ ಬಳ್ಳಾರಿಗೆ ಹೋದ ಗೆಳತಿಯ ಗಂಡ ಎಷ್ಟೇ ಜಾಣರಾದರೂ ಇದನ್ನು ಬಿಡಿಸುವಂತಿರಲಿಲ್ಲ. ಅವರಿಗೆ ಆ ದಾರಿಯೇ ಗೊತ್ತಿಲ್ಲ. ಒಗಟು ಬಿಡಿಸಲಾಗದವರೆಲ್ಲ ದಡ್ಡರು ಎಂಬ ಮಾತು ಎಷ್ಟು ಪೊಳ್ಳು ಎನ್ನುವುದಕ್ಕೆ ಈ ಬಸ್ಸಿನ ದಾರಿ ಒಂದೇ ಸಾಕು.

ಆ ರಾತ್ರಿಯ ಜಗಳಕ್ಕೆ ತೀರ್ಮಾನ

ಭದ್ರಾವತಿಯ ಗೆಳತಿ ಹಿಡಿದ ನಿಯಮ ಇದು: ಹಿಂದಿನ ಸಾಲಿನ ಉತ್ತರವನ್ನು ಕೆಳಗಿನ ಸಾಲಿಗೆ ಕೂಡಿಸಿಕೊಳ್ಳುತ್ತ ಹೋಗಬೇಕು. ಮೊದಲ ಸಾಲು 1 + 4 = 5. ಎರಡನೆಯದು 5 + 2 + 5 = 12. ಮೂರನೆಯದು 12 + 3 + 6 = 21. ನಾಲ್ಕನೆಯದು 21 + 8 + 11 = 40. ಅಂಗಡಿಯ ಉದ್ದರಿ ಪುಸ್ತಕದಲ್ಲಿ ಹಿಂದಿನ ಬಾಕಿಯನ್ನು ಮುಂದಕ್ಕೆ ತರುವ ಕ್ರಮ ಇದೇ.

ತೀರ್ಥಹಳ್ಳಿಯವನು ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ನೋಡಿದ. ಎರಡೂ ಸಂಖ್ಯೆಗಳನ್ನು ಗುಣಿಸಿ, ಮೊದಲನೆಯದನ್ನು ಮತ್ತೆ ಕೂಡಿಸಬೇಕು. 1 × 4 + 1 = 5. 2 × 5 + 2 = 12. 3 × 6 + 3 = 21. ಹಾಗಾಗಿ 8 × 11 + 8 = 96.

ಕೊಟ್ಟ ಮೂರು ಸಾಲುಗಳಿಗೂ ಎರಡು ನಿಯಮಗಳೂ ಚಾಚೂ ತಪ್ಪದೆ ಹೊಂದುತ್ತವೆ. ಒಂದನ್ನು ತಪ್ಪು ಎನ್ನಲು ಒಗಟಿನೊಳಗೆ ಯಾವ ಆಧಾರವೂ ಇಲ್ಲ.

ಇನ್ನೊಂದು ಸಂಗತಿ ಕಾಗದದ ಮೇಲೆ ಬರೆಯುತ್ತಿದ್ದಾಗ ಹೊಳೆಯಿತು. ಸಾಲುಗಳು 1, 2, 3 ಎಂದು ಹೊರಟು ತಟ್ಟನೆ 8ಕ್ಕೆ ಜಿಗಿದಿವೆ. ನಡುವಿನ 4 + 7, 5 + 8, 6 + 9, 7 + 10 ಬಿಟ್ಟುಹೋಗಿವೆ. ಅವನ್ನೂ ಬರೆದು ಗೆಳತಿಯ ಬಾಕಿ ಲೆಕ್ಕವನ್ನೇ ಮುಂದುವರಿಸಿದರೆ ಉತ್ತರಗಳು 32, 45, 60, 77, ಕೊನೆಗೆ 8 + 11ರ ಸಾಲಿಗೆ 77 + 19, ಅಂದರೆ 96! ಇಬ್ಬರ ದಾರಿ ಬೇರೆ, ಸೇರುವ ಊರು ಒಂದೇ. ಬಿಟ್ಟ ಸಾಲುಗಳನ್ನು ತುಂಬಬೇಕೋ ಬೇಡವೋ ಎಂಬಷ್ಟೇ ಅವರ ನಡುವಿನ ಭೇದವಾಗಿತ್ತು. ಇದನ್ನು ಗುಂಪಿಗೆ ಹಾಕಿದ ಮೇಲೆ ಬಿಟ್ಟು ಹೋದವನನ್ನು ಮತ್ತೆ ಸೇರಿಸಿಕೊಂಡೆವು.

ತುಂಗೆಯ ನೀರು ಮತ್ತು ವ್ಯತ್ಯಾಸದ ಲೆಕ್ಕ

ಹಾಗಾದರೆ ನಿಯಮವನ್ನು ಹುಡುಕುವುದು ಹೇಗೆ? ಎಲ್ಲಕ್ಕಿಂತ ಹೆಚ್ಚು ಸಲ ಕೈಹಿಡಿಯುವ ಉಪಾಯ ಒಂದಿದೆ, ಮತ್ತು ಶಿವಮೊಗ್ಗದವರಿಗೆ ಅದು ಮಳೆಗಾಲದ ಅಭ್ಯಾಸ. ಹೊಳೆ ತುಂಬಿ ಬಂದಾಗ ಕೋರ್ಪಲಯ್ಯನ ಛತ್ರದ ಬಳಿ ಹೋಗಿ ತುಂಗೆಯ ನಡುವಿನ ಮಂಟಪ ಎಷ್ಟು ಮುಳುಗಿದೆ ಎಂದು ನೋಡುತ್ತೇವೆ. ನೀರು ಎಷ್ಟು ಅಡಿ ಇದೆ ಎಂದು ಕೇಳುವವರು ಕಡಿಮೆ. "ನಿನ್ನೆಗಿಂತ ಎಷ್ಟು ಏರಿದೆ?" ಎಂದು ಕೇಳುತ್ತೇವೆ. ಆಮೇಲೆ "ಏರುವುದು ಜೋರಾಗಿದೆಯೋ, ನಿಧಾನವಾಗಿದೆಯೋ?" ಎಂದು. ಮೊದಲ ಪ್ರಶ್ನೆ ವ್ಯತ್ಯಾಸದ್ದು. ಎರಡನೆಯದು ವ್ಯತ್ಯಾಸದ ವ್ಯತ್ಯಾಸದ್ದು.

ಈ ಎರಡು ಪ್ರಶ್ನೆಗಳನ್ನೇ ಸರಣಿಗೆ ಹಾಕಿ ನೋಡಿ. 3, 8, 15, 24, 35 ಎಂಬ ಸರಣಿಯಲ್ಲಿ ಅಕ್ಕಪಕ್ಕದ ಪದಗಳ ನಡುವಿನ ವ್ಯತ್ಯಾಸ 5, 7, 9, 11. ಎರಡೆರಡು ಹೆಚ್ಚುತ್ತಿದೆ. ಮುಂದಿನ ವ್ಯತ್ಯಾಸ 13, ಮುಂದಿನ ಪದ 48.

ಒಂದು ಸುತ್ತಿನಲ್ಲಿ ಬಿಡದಿದ್ದರೆ ಇನ್ನೊಂದು ಸುತ್ತು. 2, 5, 11, 21, 36 ತೆಗೆದುಕೊಳ್ಳಿ. ವ್ಯತ್ಯಾಸಗಳು 3, 6, 10, 15. ಇವುಗಳ ನಡುವೆ ಮತ್ತೆ ವ್ಯತ್ಯಾಸ ಹಿಡಿದರೆ 3, 4, 5. ಈಗ ಎಲ್ಲ ಬಯಲಾಯಿತು. ಕೆಳಗಿನಿಂದ ಮೇಲಕ್ಕೆ ಬನ್ನಿ: 5ರ ಮುಂದೆ 6, 15ಕ್ಕೆ 6 ಕೂಡಿಸಿದರೆ 21, 36ಕ್ಕೆ 21 ಕೂಡಿಸಿದರೆ 57.

ವ್ಯತ್ಯಾಸ ತೆಗೆದಷ್ಟೂ ಅದೇ ಸರಣಿ ಮತ್ತೆ ಮತ್ತೆ ಮುಖ ತೋರಿಸಿದರೆ ಅಲ್ಲಿ ಗುಣಾಕಾರ ಅಡಗಿದೆ ಎಂದು ತಿಳಿಯಬೇಕು. 1, 2, 4, 8, 16ರ ವ್ಯತ್ಯಾಸ 1, 2, 4, 8. ಇನ್ನು ಸಂಖ್ಯೆಗಳು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತಿದ್ದರೆ ಎರಡು ಸರಣಿಗಳನ್ನು ಒಂದರೊಳಗೊಂದು ಹೆಣೆದಿರುತ್ತಾರೆ, ಅಡಿಕೆ ಸಾಲಿನ ನಡುವೆ ಬಾಳೆ ಹಾಕಿದ ಹಾಗೆ. 2, 10, 4, 20, 6, 30 ಎಂಬಲ್ಲಿ ಒಂದು ಬಿಟ್ಟು ಒಂದನ್ನು ಓದಿದರೆ ಎರಡು ತೋಟಗಳೂ ಬೇರೆಬೇರೆಯಾಗಿ ಕಾಣುತ್ತವೆ. ಪರೀಕ್ಷೆಗೆ ಕೂರುವ ಮಕ್ಕಳಿಗೆ ಇಷ್ಟು ಕಲಿಸಿದರೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಕೈಗೆ ಸಿಗುತ್ತವೆ.

32 ಅಲ್ಲ, 31: ಅಕ್ಕಿ ರೊಟ್ಟಿಯ ಪಾಠ

1, 2, 4, 8, 16, ಮುಂದೇನು? ಯಾರನ್ನು ಕೇಳಿದರೂ 32 ಎನ್ನುತ್ತಾರೆ. ಒಂದು ಅಕ್ಕಿ ರೊಟ್ಟಿಯನ್ನು ಮುಂದಿಟ್ಟುಕೊಳ್ಳಿ. ಅದರ ಅಂಚಿನಲ್ಲಿ ಕೆಲವು ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯಿಂದ ಉಳಿದ ಎಲ್ಲ ಚುಕ್ಕೆಗಳಿಗೂ ಚಾಕುವಿನಿಂದ ನೇರ ಗೆರೆ ಎಳೆದು ಕತ್ತರಿಸಿ. ಎಷ್ಟು ಚೂರಾಗುತ್ತವೆ ಎಂದು ಎಣಿಸಬೇಕು.

ಒಂದೇ ಚುಕ್ಕೆ ಇದ್ದರೆ ಗೆರೆಯೇ ಇಲ್ಲ, ರೊಟ್ಟಿ ಇಡಿಯಾಗಿ 1. ಎರಡು ಚುಕ್ಕೆಗೆ ಒಂದು ಗೆರೆ, 2 ಚೂರು. ಮೂರಕ್ಕೆ 4. ನಾಲ್ಕಕ್ಕೆ 8. ಐದಕ್ಕೆ 16. ಆರು ಚುಕ್ಕೆ ಇಟ್ಟು ಕತ್ತರಿಸಿ ಎಣಿಸಿ: 31. ಮತ್ತೆ ಎಣಿಸಿ. 31ಕ್ಕಿಂತ ಹೆಚ್ಚು ಎಷ್ಟು ಮಾಡಿದರೂ ಬರುವುದಿಲ್ಲ. ಚುಕ್ಕೆಗಳನ್ನು ಸಮದೂರದಲ್ಲಿ ಇಟ್ಟಿದ್ದರೆ ಮೂರು ಉದ್ದ ಗೆರೆಗಳು ನಟ್ಟನಡುವೆ ಒಂದೇ ಕಡೆ ಕೂಡಿ 30 ಬಂದೀತು. ಸ್ವಲ್ಪ ಓರೆಕೋರೆಯಾಗಿ ಇಡಬೇಕು.

ಏಕೆ ಹೀಗೆ? ಗೆರೆಯೊಂದನ್ನು ಎಳೆದಾಗಲೆಲ್ಲ ಒಂದು ಚೂರು ಹೆಚ್ಚುತ್ತದೆ. ಆ ಗೆರೆ ದಾರಿಯಲ್ಲಿ ಹಳೆಯ ಗೆರೆಯೊಂದನ್ನು ದಾಟಿದರೆ, ದಾಟಿದ ಪ್ರತಿ ಸಲಕ್ಕೂ ಇನ್ನೊಂದು ಚೂರು ಹೆಚ್ಚುತ್ತದೆ. ಆದ್ದರಿಂದ ಚೂರುಗಳ ಲೆಕ್ಕ ಎಂದರೆ ಮೊದಲಿನ 1, ಗೆರೆಗಳ ಸಂಖ್ಯೆ, ಗೆರೆಗಳು ಕೂಡುವ ಜಾಗಗಳ ಸಂಖ್ಯೆ, ಈ ಮೂರರ ಮೊತ್ತ. ಐದು ಚುಕ್ಕೆಗೆ 1 + 10 + 5 = 16. ಆರು ಚುಕ್ಕೆಗೆ 1 + 15 + 15 = 31. ಇಲ್ಲಿ ಎಲ್ಲಿಯೂ ದುಪ್ಪಟ್ಟಾಗುವ ಮಾತೇ ಇಲ್ಲ. ಮೊದಲ ಐದು ಸಲ ದುಪ್ಪಟ್ಟಿನಂತೆ ಕಂಡದ್ದು ಕಾಕತಾಳೀಯ.

ಈಗ ಹೊಳೆಯ ಲೆಕ್ಕವನ್ನು ರೊಟ್ಟಿಗೆ ತನ್ನಿ. 1, 2, 4, 8, 16, 31ರ ವ್ಯತ್ಯಾಸ 1, 2, 4, 8, 15. ಅದರ ಕೆಳಗೆ 1, 2, 4, 7. ಅದರ ಕೆಳಗೆ 1, 2, 3. ಕೊನೆಗೆ 1, 1. ಆರನೇ ಪದ ಸಿಕ್ಕಿದೊಡನೆ ಗುಟ್ಟು ರಟ್ಟಾಯಿತು. ಮೇಲಕ್ಕೆ ಕೂಡಿಸಿಕೊಂಡು ಬಂದರೆ ಏಳು ಚುಕ್ಕೆಗೆ 57 ಚೂರು, ಗೆರೆ ಎಣಿಸಿದರೂ 1 + 21 + 35 = 57. ಬರೀ ಐದು ಪದ ಕೈಯಲ್ಲಿದ್ದಾಗ 32 ಎಂದವನೂ 31 ಎಂದವನೂ ಸಮಾನರು.

ನಮ್ಮ ಮನೆಯಲ್ಲಿ ಇದನ್ನು ನಿಜವಾಗಿಯೂ ರೊಟ್ಟಿಯ ಮೇಲೆ ಮಾಡಿ ನೋಡಿದೆವು. ಆರು ಚುಕ್ಕೆಯ ಹೊತ್ತಿಗೆ ನಡುವಿನ ಚೂರುಗಳು ಕಾಳಿನಷ್ಟಾಗಿ ಎಣಿಸುವುದೇ ಕಷ್ಟವಾಯಿತು. ಮಗಳು ದೊಡ್ಡ ತಟ್ಟೆಯನ್ನು ಕಾಗದದ ಮೇಲೆ ಕವುಚಿ ಸುತ್ತು ಬರೆದು, ಚೂರುಗಳಿಗೆ ಒಂದೊಂದಾಗಿ ಬಣ್ಣ ಹಚ್ಚುತ್ತ ಎಣಿಸಿದಳು. 31ಕ್ಕೆ ನಿಂತಾಗ ಅವಳ ಮುಖದಲ್ಲಿ ಕಂಡ ಸಂಶಯ, ಮತ್ತೆ ಮೊದಲಿನಿಂದ ಎಣಿಸಲು ಹೊರಟ ಆ ಹಟ, ಇಂಥ ಒಗಟುಗಳಿಂದ ಸಿಗುವ ದೊಡ್ಡ ಲಾಭ ಅದೇ ಎಂದು ನನಗನ್ನಿಸುತ್ತದೆ.

ಯಾವ ಸಂಖ್ಯೆಯನ್ನಾದರೂ ಕೂರಿಸಬಹುದೇ?

ಕೂರಿಸಬಹುದು. 2, 4, 6ರ ಮುಂದೆ 14 ಬರಬೇಕು ಎಂದು ಯಾರಾದರೂ ಹಟ ಹಿಡಿದರೆ ಅದಕ್ಕೂ ಒಂದು ನಿಯಮ ಕೊಡಬಹುದು. ಪದದ ಸ್ಥಾನವನ್ನು 2ರಿಂದ ಗುಣಿಸಿ. ಅದೇ ಸ್ಥಾನದಿಂದ 1, 2, 3ನ್ನು ಬೇರೆ ಬೇರೆಯಾಗಿ ಕಳೆದು, ಬಂದ ಮೂರನ್ನೂ ಪರಸ್ಪರ ಗುಣಿಸಿ ಕೂಡಿಸಿ. ಮೊದಲ ಮೂರು ಸ್ಥಾನಗಳಲ್ಲಿ ಕಳೆದಾಗ ಒಂದಲ್ಲ ಒಂದು ಸೊನ್ನೆ ಬರುವುದರಿಂದ ಗುಣಲಬ್ಧವೂ ಸೊನ್ನೆ, ಅಲ್ಲಿ 2, 4, 6 ಹಾಗೆಯೇ ಉಳಿಯುತ್ತವೆ. ನಾಲ್ಕನೇ ಸ್ಥಾನದಲ್ಲಿ 8ಕ್ಕೆ 3 × 2 × 1 ಸೇರಿ 14. ಆ ಗುಣಲಬ್ಧದ ಅರ್ಧವನ್ನು ಮಾತ್ರ ಸೇರಿಸಿದರೆ 11. ಎಷ್ಟು ಸೇರಿಸಬೇಕು ಎಂಬುದು ನಮ್ಮ ಕೈಯಲ್ಲೇ ಇರುವುದರಿಂದ ಯಾವ ಸಂಖ್ಯೆಯನ್ನು ಬೇಕಾದರೂ ತರಬಹುದು. ಇದನ್ನು ಎಷ್ಟೇ ಉದ್ದದ ಸರಣಿಗೂ ಮಾಡಿ ತೋರಿಸುವ ಸೂತ್ರ ಗಣಿತದಲ್ಲಿ ಲಗ್ರಾಂಜ್ ಎಂಬ ಗಣಿತಜ್ಞನ ಹೆಸರಿನಲ್ಲಿದೆ.

ಹಾಗೆಂದ ಮಾತ್ರಕ್ಕೆ ಎಲ್ಲ ಉತ್ತರಗಳೂ ಒಂದೇ ತೂಕದವಲ್ಲ. 8ನ್ನು ಸಮರ್ಥಿಸಲು "ಎರಡೆರಡು ಕೂಡಿಸು" ಎಂಬ ಎರಡು ಮಾತು ಸಾಕು. 14ಕ್ಕೆ ಮೇಲಿನಷ್ಟು ಉದ್ದದ ವಿವರಣೆ ಬೇಕಾಯಿತು. ನಿಯಮವನ್ನು ಹೇಳಲು ಸಂಖ್ಯೆಗಳ ಪಟ್ಟಿಯನ್ನೇ ಹೇಳುವುದಕ್ಕಿಂತ ಹೆಚ್ಚು ಮಾತು ಹಿಡಿದರೆ ಅದು ನಿಯಮವಾಗಿ ದುಡಿಯುತ್ತಿಲ್ಲ. ಪರೀಕ್ಷೆಗಳಲ್ಲಿ "ಸರಿಯುತ್ತರ" ಎಂದರೆ ಎಲ್ಲಕ್ಕಿಂತ ಸರಳವಾದ ನಿಯಮದ ಉತ್ತರ ಎಂಬ ಮೌನ ಒಪ್ಪಂದವಿದೆ. ನಾಲ್ಕು ಆಯ್ಕೆಗಳನ್ನು ಕೊಡುವುದರಿಂದ ಸಂದಿಗ್ಧವೂ ತಗ್ಗುತ್ತದೆ. ವಾಟ್ಸಾಪಿನಲ್ಲಿ ಆಯ್ಕೆಗಳೂ ಇಲ್ಲ, ಒಪ್ಪಂದವೂ ಇಲ್ಲ. ಜಗಳ ಹುಟ್ಟುವುದು ಅಲ್ಲಿಯೇ.

ಸರಣಿಗಳನ್ನು ಕೂಡಿಡುವುದನ್ನೇ ಬದುಕಿನ ಕೆಲಸ ಮಾಡಿಕೊಂಡವರೂ ಇದ್ದಾರೆ. ನೀಲ್ ಸ್ಲೋನ್ 1964ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಸರಣಿಗಳನ್ನು ಬರೆದಿಡತೊಡಗಿದರು. 1973ರಲ್ಲಿ 2,372 ಸರಣಿಗಳ ಪುಸ್ತಕ ಬಂತು. 1996ರಿಂದ ಅದು ಅಂತರಜಾಲದಲ್ಲಿ ಎಲ್ಲರಿಗೂ ಉಚಿತ, ಈಗ ಅಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಸರಣಿಗಳಿವೆ. 1, 2, 4, 8, 16 ಎಂದು ಹುಡುಕಿದರೆ ದುಪ್ಪಟ್ಟಿನ ಸರಣಿಯೂ ನಮ್ಮ ರೊಟ್ಟಿಯ ಸರಣಿಯೂ, ಇನ್ನೂ ಎಷ್ಟೋ ಸರಣಿಗಳೂ ಎದುರಾಗುತ್ತವೆ.

ಗೆಳೆಯರ ನಡುವೆ ಹಂಚುವಾಗ

ಹೊಸನಗರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ಜಗಲಿ ತುಂಬ ಜನ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ನಿದ್ದೆ ಬಾರದಿರಲೆಂದು ದೊಡ್ಡಮ್ಮ ಒಗಟು ಹಾಕುತ್ತಿದ್ದರು. ಕಲ್ಲಿನಲ್ಲಿ ಹುಟ್ಟಿ, ನೀರು ಸೋಕಿದರೆ ಬೇಯುವುದು ಯಾವುದು? ಸುಣ್ಣ ಎಂದು ಕೂಗಿದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಹೇಗೆ ಎಂದು ಹೇಳು" ಎನ್ನುತ್ತಿದ್ದರು. ಸುಣ್ಣದ ಕಲ್ಲು ಸುಟ್ಟು, ಅದಕ್ಕೆ ನೀರು ಹಾಕಿದಾಗ ಕುದಿಯುವುದನ್ನು ವಿವರಿಸಿದ ಮೇಲೆಯೇ ಗೆಲುವು. ಈಗ ನಮ್ಮ ಗುಂಪಿನಲ್ಲಿ ಇದೇ ಕಟ್ಟಳೆ: ಬರಿಯ ಸಂಖ್ಯೆ ಬರೆದರೆ ಲೆಕ್ಕಕ್ಕಿಲ್ಲ, ನಿಯಮವನ್ನೂ ಬರೆಯಬೇಕು. ನಿಯಮ ಹೊಂದಿದರೆ, ಒಗಟು ಹಾಕಿದವನ ಮನಸ್ಸಿನಲ್ಲಿ ಬೇರೆ ಉತ್ತರವಿದ್ದರೂ, ಒಪ್ಪಿಕೊಳ್ಳಬೇಕು. ಒಗಟು ಹಾಕುವವನು ಐದಾರು ಪದಗಳನ್ನಾದರೂ ಕೊಡಬೇಕು, ಮೂರಕ್ಕೆ ನಿಲ್ಲಿಸಬಾರದು.

ಮೂರು ಪದ ಎಷ್ಟು ಮೋಸ ಮಾಡುತ್ತವೆ ಎಂದು ಲಂಡನ್ನಿನ ಮನಃಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ತೋರಿಸಿದರು. ಅವರು 2, 4, 6 ಎಂಬ ಮೂರು ಸಂಖ್ಯೆ ಕೊಟ್ಟು, ನನ್ನ ಮನಸ್ಸಿನಲ್ಲಿರುವ ನಿಯಮಕ್ಕೆ ಇವು ಒಪ್ಪುತ್ತವೆ, ನಿಮ್ಮದೇ ಮೂರು ಮೂರು ಸಂಖ್ಯೆ ಹೇಳಿ ನಿಯಮವನ್ನು ಕಂಡುಹಿಡಿಯಿರಿ ಎಂದರು. ಈ ಆಟವನ್ನು ನಾವೂ ಆಡಿದೆವು. ಒಬ್ಬಳು 8, 10, 12 ಎಂದಳು. "ಹೌದು." ಇನ್ನೊಬ್ಬ 20, 22, 24 ಎಂದ. "ಹೌದು." ಎರಡೆರಡು ಹೆಚ್ಚುವ ಸಮಸಂಖ್ಯೆಗಳು ಎಂದು ಎಲ್ಲರೂ ತೀರ್ಮಾನಿಸಿದರು. "ಅಲ್ಲ" ಎಂದು ಉತ್ತರ ಬಂತು. ಕೊನೆಗೆ ಭದ್ರಾವತಿಯವಳು 1, 7, 100 ಎಂದು ಹಾಕಿದಳು. ಅದಕ್ಕೂ "ಹೌದು." 3, 2, 1ಕ್ಕೆ "ಇಲ್ಲ." ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತ ಹೋಗಬೇಕು. ನಮ್ಮ ಊಹೆಗೆ ಒಪ್ಪುವ ಉದಾಹರಣೆಗಳನ್ನೇ ಕೇಳುತ್ತ ಹೋದರೆ ಊಹೆ ತಪ್ಪೆಂದು ತಿಳಿಯುವುದೇ ಇಲ್ಲ. ಅದನ್ನು ಮುರಿಯಬಲ್ಲ ಪ್ರಶ್ನೆಯನ್ನು ಕೇಳಬೇಕು. ವೇಸನ್ ಕಂಡದ್ದೂ ಇದನ್ನೇ.

ಗಣಿತ ಬಾರದವರನ್ನೂ ಸಮಾನವಾಗಿ ಕೂರಿಸುವ ಸರಣಿಯೊಂದು ಇದೆ: 1, 11, 21, 1211, 111221. ವ್ಯತ್ಯಾಸ ತೆಗೆದು ಸುಸ್ತಾದವರಿಗೆ ಇದು ಬಿಡುವುದಿಲ್ಲ. ಗಟ್ಟಿಯಾಗಿ ಓದಬೇಕು. ಮೊದಲ ಪದದಲ್ಲಿ ಏನಿದೆ? ಒಂದು "ಒಂದು", ಹಾಗಾಗಿ 11. ಅದರಲ್ಲಿ ಏನಿದೆ? ಎರಡು "ಒಂದು", ಹಾಗಾಗಿ 21. ಅದರಲ್ಲಿ ಒಂದು "ಎರಡು", ಒಂದು "ಒಂದು", ಅಂದರೆ 1211. ಕೊನೆಯದರಲ್ಲಿ ಮೂರು "ಒಂದು", ಎರಡು "ಎರಡು", ಒಂದು "ಒಂದು", ಆದ್ದರಿಂದ ಮುಂದಿನದು 312211. ಬ್ರಿಟಿಷ್ ಗಣಿತಜ್ಞ ಜಾನ್ ಕಾನ್ವೇ 1980ರ ದಶಕದಲ್ಲಿ ಇದನ್ನು ಆಳವಾಗಿ ಅಭ್ಯಾಸ ಮಾಡಿದರು. ಎಷ್ಟು ದೂರ ಹೋದರೂ ಇದರಲ್ಲಿ 4 ಎಂಬ ಅಂಕಿ ಬರುವುದಿಲ್ಲ.

"ಇದನ್ನು ಹತ್ತು ಜನರಿಗೆ ಕಳುಹಿಸಿ" ಎಂಬ ಸಂದೇಶವೂ ಒಂದು ಸರಣಿಯೇ. 10, 100, 1,000. ಪ್ರತಿಯೊಬ್ಬರೂ ಹೊಸ ಹತ್ತು ಜನರಿಗೆ ಕಳುಹಿಸಿದರೆ ಹತ್ತನೇ ಸುತ್ತಿಗೆ ಸಾವಿರ ಕೋಟಿ ಜನ ಬೇಕು. ಭೂಮಿಯ ಮೇಲಿರುವವರು ಸುಮಾರು 800 ಕೋಟಿ. ಒಗಟು ಬಿಡಿಸಿದರೆ ಮೆದುಳು ಎಲ್ಲದರಲ್ಲೂ ಚುರುಕಾಗುತ್ತದೆ ಎಂಬ ಜಾಹೀರಾತುಗಳನ್ನೂ ಹಾಗೆಯೇ ನಂಬಬೇಕಾಗಿಲ್ಲ. ಅಂಥ ಪ್ರಚಾರ ಮಾಡಿದ ಮೊಬೈಲ್ ಆಟದ ಕಂಪನಿಯೊಂದು 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣದಲ್ಲಿ 20 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಸರಣಿ ಬಿಡಿಸುತ್ತ ಹೋದರೆ ಸರಣಿ ಬಿಡಿಸುವುದರಲ್ಲಿ ಕೈ ಪಳಗುತ್ತದೆ, ಅಷ್ಟನ್ನು ಧೈರ್ಯವಾಗಿ ಹೇಳಬಹುದು.

ಲಘು, ಗುರು ಮತ್ತು ಒಂದು ಕನ್ನಡದ ಸರಣಿ

1, 2, 3, 5, 8, 13 ಎಂಬ ಸರಣಿ ಫಿಬೊನಾಚಿ ಎಂಬ ಇಟಲಿಯ ಗಣಿತಜ್ಞನ ಹೆಸರಿನಲ್ಲಿ ಪ್ರಸಿದ್ಧ. ಅವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ನಮ್ಮ ಛಂದಸ್ಸಿನ ಪಂಡಿತರು ಇದನ್ನು ಬಲ್ಲವರಾಗಿದ್ದರು. ವಿರಹಾಂಕ ಅದನ್ನು ಹೇಳಿದ್ದ, ಗುಜರಾತಿನ ಜೈನ ಆಚಾರ್ಯ ಹೇಮಚಂದ್ರ ಸುಮಾರು 1150ರಲ್ಲಿ ಬರೆದ. ಕನ್ನಡ ವ್ಯಾಕರಣ ಓದಿದ ಪ್ರತಿಯೊಬ್ಬರ ಕೈಯಲ್ಲೂ ಅದು ಹಾದುಹೋಗಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆ? ∪∪∪, –∪, ∪–, ಒಟ್ಟು 3. ನಾಲ್ಕು ಮಾತ್ರೆಗೆ 5 ಬಗೆ, ಐದಕ್ಕೆ 8. ಕಾರಣ ಸುಲಭ. ಐದು ಮಾತ್ರೆಯ ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಇರಬೇಕು, ಅದಕ್ಕೆ 5 ಬಗೆ. ಗುರುವಿನಲ್ಲಿ ಮುಗಿದರೆ ಹಿಂದೆ ಮೂರು, ಅದಕ್ಕೆ 3 ಬಗೆ. 5 + 3 = 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವುದು ಇದರಿಂದಲೇ.

ಇದನ್ನು ಬರೆದು ಮುಗಿಸಿದ ಸಂಜೆ ಗುಂಪಿಗೆ ನನ್ನದೇ ಒಂದು ಸರಣಿ ಹಾಕಿದೆ: 3, 3, 3, 3, 3, 3, 3, 3, 5, 3. ಮುಂದಿನ ಹತ್ತು ಪದಗಳು ಯಾವುವು? ಎರಡು ದಿನ ಯಾರಿಗೂ ಹೊಳೆಯಲಿಲ್ಲ. ಮೂರನೆಯ ದಿನ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಗೆಳತಿ "ಪ್ರಸ್ತಾರ ಹಾಕಿ ನೋಡಿದೆ" ಎಂದು ಬರೆದಳು. ಒಂದರಿಂದ ಹತ್ತರವರೆಗಿನ ಕನ್ನಡ ಹೆಸರುಗಳ ಮಾತ್ರೆಗಳು ಅವು. "ಒಂದು" ಎಂಬುದರಲ್ಲಿ ಒಂದು ಗುರು, ಒಂದು ಲಘು, ಮೂರು ಮಾತ್ರೆ. "ಎರಡು" ಮೂರೂ ಲಘು, ಮತ್ತೆ ಮೂರು. "ನಾಲ್ಕು", "ಏಳು", "ಹತ್ತು", ಎಲ್ಲಕ್ಕೂ ಮೂರೇ. "ಒಂಬತ್ತು" ಮಾತ್ರ ಐದು.

ಮುಂದಿನ ಹತ್ತು: ಹನ್ನೊಂದರಿಂದ ಹದಿನೆಂಟರವರೆಗೆ ಎಂಟೂ ಐದೈದು, ಹತ್ತೊಂಬತ್ತಕ್ಕೆ ಏಳು, ಇಪ್ಪತ್ತಕ್ಕೆ ಐದು. ಮೊದಲ ಹತ್ತರ ಪ್ರತಿಯೊಂದಕ್ಕೂ ಎರಡು ಕೂಡಿಸಿದ ಹಾಗೆ! ಇಪ್ಪತ್ತು ದಾಟಿದ ಮೇಲೆ ಇದು ಇಷ್ಟು ಕಟ್ಟುನಿಟ್ಟಾಗಿ ಉಳಿಯುವುದಿಲ್ಲ, ಇಪ್ಪತ್ಮೂರು ಎಂದೂ ಇಪ್ಪತ್ತಮೂರು ಎಂದೂ ಬರೆಯುವವರಿದ್ದಾರೆ.

ನಿಯಮ ಸಿಕ್ಕಿತು, ಆದರೆ ಒಂಬತ್ತಕ್ಕೆ ಮಾತ್ರ ಏಕೆ ಐದು? ಉತ್ತರ ಆ ಪದದೊಳಗೇ ಇದೆ. ಹತ್ತಕ್ಕೆ ಹಳಗನ್ನಡದಲ್ಲಿ ಪತ್ತು. ಹತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದಲ್ಲಿ "ಒಂ" ಮತ್ತು "ಪತ್ತು" ಕೂಡಿ ಒಂಬತ್ತು ಆಯಿತು. ಪತ್ತಿನ ಮೂರು ಮಾತ್ರೆ, ಒಂ ಎಂಬ ಗುರುವಿನ ಎರಡು. ಅದು ಒಂದು ಹೆಸರಲ್ಲ, ಎರಡು ಸೇರಿದ ಹೆಸರು. ಹನ್ನೆರಡರ "ಹನ್", ಹದಿಮೂರರ "ಹದಿ" ಕೂಡ ಎರಡೆರಡು ಮಾತ್ರೆಯವು, ಅದಕ್ಕೇ ಅವೆಲ್ಲ ಐದಾದವು.

ಫೋನಿನಲ್ಲಿ ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರಿಗೆ ಲಘು ಗುರು ಗೊತ್ತಿಲ್ಲ, ತಾಳ ಗೊತ್ತು. "ಹತ್ತು ಹತ್ತರ ಲೆಕ್ಕ ಹಿಡಿದರೆ?" ಎಂದು ಕೇಳಿ, ತಾವೇ ತೊಡೆಯ ಮೇಲೆ ತಟ್ಟುತ್ತ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎಂದು ನಿಧಾನವಾಗಿ ಹೇಳತೊಡಗಿದರು. ನಾನು ಈ ಕಡೆ ಬರೆದುಕೊಳ್ಳುತ್ತ ಹೋದೆ: 3, 5, 5, 5, 5, 5, 5, 5, 5. ತೊಂಬತ್ತು ಮುಗಿಸಿ ಅವರು ಒಂದು ಕ್ಷಣ ತಡೆದರು. "ನೂರು" ಎಂದರು. ಮತ್ತೆ ಮೂರು.